ಶ್ರೀಕಂಠ ಅಂಕಲ್ ಮತ್ತು ಎರಡನೇ ಸಿಲಿಂಡರ್

ಶ್ರೀಕಂಠ ಅಂಕಲ್ ಯಾರ ಮನೆಗೆ ಹೋದರೂ ಬಾಗಿಲಲ್ಲೇ ನಿಂತು, ಮುಖ ಮೇಲೆತ್ತಿ, ಮೂರು ಸಲ ಜೋರಾಗಿ ಗಾಳಿ ಎಳೆಯುತ್ತಿದ್ದರು. ಚಪ್ಪಲಿ ಬಿಡುವುದು ಆಮೇಲೆ. ಮೂರನೆಯ ಉಸಿರು ಮುಗಿದ ಮೇಲೆ ತೀರ್ಪು ಬರುತ್ತಿತ್ತು: "ಇಂಗು ಸ್ವಲ್ಪ ಜಾಸ್ತಿ ಆಯ್ತು. ಗ್ಯಾಸ್ ಲೀಕ್ ಇಲ್ಲ. ಒಳಗೆ ಬರಬಹುದು." ನಮ್ಮ ಮನೆಯೊಳಗೆ ಇರಲು ನಮಗೇ ಅಪ್ಪಣೆ ಕೊಡುತ್ತಿದ್ದ ಈ ಗತ್ತಿಗೆ ಈ ಪರದೇಶದ ಬುಕಿತ್ ಬಾಟೋಕ್ ಬಡಾವಣೆಯ ಕನ್ನಡದ ಮನೆಗಳೆಲ್ಲ ಒಗ್ಗಿಹೋಗಿದ್ದವು.

ಅವರು ನಂಜನಗೂಡಿನವರು. ನಾನು ಮೈಸೂರಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಇಲ್ಲಿನ ಒಂದು ಗ್ಯಾಸ್ ವ್ಯಾಪಾರದ ಆಫೀಸಿಗೆ ಸೇರಿದಾಗ, ಯಾವ ಹಡಗು ಯಾವ ಬಂದರಿಗೆ ಎಂದು ಗೊತ್ತು ಮಾಡುವ ಮೇಜು ಅವರದಾಗಿತ್ತು. ನೈಸರ್ಗಿಕ ಅನಿಲವನ್ನು ಕೊರೆಯುವಷ್ಟು ತಣ್ಣಗೆ ಮಾಡಿ, ದ್ರವವಾಗಿಸಿ, ಹಡಗಿಗೆ ತುಂಬುತ್ತಾರೆಂದು ಪುಸ್ತಕದಲ್ಲಿ ಓದಿದ್ದೆ. ಪುಸ್ತಕದಲ್ಲಿಲ್ಲದ್ದನ್ನು ಮೊದಲ ದಿನವೇ ಅವರು ಹೇಳಿದರು. "ನೋಡಮ್ಮ ಸುಮಾ, ಹಡಗಲ್ಲಿರೋ ಗ್ಯಾಸ್‌ಗೆ ವಾಸನೇನೇ ಇಲ್ಲ. ಮನೆಗೆ ಕಳಿಸೋ ಮುಂಚೆ ಬೇಕು ಅಂತಲೇ ಕೆಟ್ಟ ವಾಸನೆ ಸೇರಿಸ್ತಾರೆ. ಎಷ್ಟೇ ಮೆಷಿನ್ ಬಂದ್ರೂ ಮೂಗೇ ಫಸ್ಟ್ ಅಲಾರಂ." ವಾಸನೆ ಬಂದರೆ ಬೆಂಕಿ ಮಾತ್ರವಲ್ಲ, ಸ್ವಿಚ್ ಕೂಡ ಮುಟ್ಟಬಾರದು, ಕಾಲಿಂಗ್ ಬೆಲ್ ಕೂಡ ಒಂದು ಸ್ವಿಚ್ಚೇ ಎಂದು ಸೇರಿಸಿದರು. ಆಗ ನಾನು ತಲೆಯಾಡಿಸಿ ಮರೆತೆ ಎಂದುಕೊಂಡಿದ್ದೆ.

ಯುದ್ಧ ಶುರುವಾಗಿ, ರಷ್ಯಾದಿಂದ ಯೂರೋಪಿಗೆ ಹೋಗುತ್ತಿದ್ದ ಪೈಪಿನ ಗ್ಯಾಸ್ ಕಡಿಮೆಯಾಗುತ್ತ ಬಂದ ವರ್ಷ ನಮ್ಮ ಆಫೀಸಿನಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಪೂರ್ವಕ್ಕೆ ಹೊರಟಿದ್ದ ಹಡಗುಗಳು ನಡುಸಮುದ್ರದಲ್ಲಿ ಮೂತಿ ತಿರುಗಿಸಿ ಯೂರೋಪಿನ ಕಡೆ ಹೊರಡುತ್ತಿದ್ದವು. ಅಲ್ಲಿ ಹೆಚ್ಚು ಬೆಲೆ ಸಿಗುತ್ತಿತ್ತು. ಹಾಗೆ ಒಂದು ಹಡಗು ತಿರುಗಿದ ಮಧ್ಯಾಹ್ನ ಆಫೀಸಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಕಲ್ ತಟ್ಟಲಿಲ್ಲ. ಆ ಹಡಗಿಗಾಗಿ ಕಾದಿದ್ದ ಬಡ ದೇಶದ ಅಧಿಕಾರಿಗೆ ತಾವೇ ಫೋನ್ ಮಾಡಿ, ಬೈಸಿಕೊಂಡು, ಕ್ಷಮೆ ಕೇಳಿ, ನನ್ನ ಕಡೆ ತಿರುಗಿದರು.

"ಯೂರೋಪ್‌ನೋರು ಒಂದೇ ಮನೆ ಬಾವಿಗೆ ಕೊಡ ಇಳಿಸ್ಕೊಂಡು ಇಷ್ಟು ವರ್ಷ ಆರಾಮಾಗಿದ್ರು. ಆ ಮನೆಯೋನು ಬಾಗಿಲು ಹಾಕ್ಕೊಂಡ. ಈಗ ಇವರು ಕೊಡ ಎತ್ಕೊಂಡು ಬೀದಿ ನಲ್ಲಿಗೆ ಬಂದಿದ್ದಾರೆ. ಮೊದಲಿಂದ ಕ್ಯೂನಲ್ಲಿ ನಿಂತಿದ್ದೋನಿಗೆ ನೀರಿಲ್ಲ."

ಯೂರೋಪಿನ ಪಾಠವನ್ನು ಅವರು ನಮ್ಮ ಊಟಕ್ಕೂ ತಂದರು. ತಿಂಗಳಿಗೊಮ್ಮೆ ಅವರ ಬ್ಲಾಕ್‌ನ ಕೆಳಗೆ ಗೋಡೆಯಿಲ್ಲದೆ ತೆರೆದಿಟ್ಟ ನೆಲಮಹಡಿಯಲ್ಲಿ, ಇಲ್ಲಿಯವರು ವಾಯ್ಡ್ ಡೆಕ್ ಎನ್ನುವ ಜಾಗದಲ್ಲಿ, ನಾವೆಲ್ಲ ಒಂದೊಂದು ಅಡುಗೆ ತಂದು ಸೇರುತ್ತಿದ್ದೆವು. ಒಮ್ಮೆ ಅನ್ನ ತರಬೇಕಾಗಿದ್ದ ಜುರಾಂಗ್ ವೆಸ್ಟ್‌ನ ಮನೆಯವರಿಗೆ ಜ್ವರ ಬಂದು, ಮೂವತ್ತು ಜನ ಬರೀ ಹುಳಿ, ಪಲ್ಯ, ಹಪ್ಪಳದ ಮುಂದೆ ಕೂತಿದ್ದೆವು. ಆವತ್ತೇ ಅಂಕಲ್ ಕಾನೂನು ಮಾಡಿದರು: ಅನ್ನ ಯಾವಾಗಲೂ ಎರಡು ಮನೆಯಿಂದ ಬರಬೇಕು, ಅದೂ ಬೇರೆ ಬೇರೆ ಬಸ್ಸಿನಲ್ಲಿ. ಅಂದಿನಿಂದ ಪ್ರತಿ ತಿಂಗಳೂ ಅರ್ಧ ಅನ್ನ ಉಳಿದು, ಮರುದಿನ ಎಲ್ಲರ ಮನೆಯಲ್ಲೂ ಚಿತ್ರಾನ್ನ. ಆ ಚಿತ್ರಾನ್ನಕ್ಕೆ ಅವರಿಟ್ಟ ಹೆಸರು ಎನರ್ಜಿ ಸೆಕ್ಯೂರಿಟಿ.

ಅವರ ಅಡುಗೆಮನೆಯಂತೂ ಯುದ್ಧಕ್ಕೆ ಸಿದ್ಧವಾದ ದೇಶ. ಬಳಸುವ ಸಿಲಿಂಡರ್ ಒಂದು, ಅದರ ಪಕ್ಕ ತುಂಬಿದ ಎರಡನೆಯದು. ಅದು ಕೈಕೊಟ್ಟರೆ ಇಂಡಕ್ಷನ್, ಕರೆಂಟೂ ಹೋದರೆ ಪುಟ್ಟ ಡಬ್ಬಿಯ ಸ್ಟವ್, ಅದೂ ಮುಗಿದರೆ ಬಟ್ಟೆ ಒಣಗಿಸುವ ಜಾಗದಲ್ಲಿ ಒಂದು ಇದ್ದಿಲ ಒಲೆ. ಅವರ ಹೆಂಡತಿ ಲಲಿತಾ ಆಂಟಿ ಇದನ್ನೆಲ್ಲ ಒರೆಸುತ್ತ ಒಮ್ಮೆ ನನಗೆ ಹೇಳಿದ್ದರು: "ಒಲೆ ನಾಲ್ಕು ಇಟ್ಟಿದ್ದಾರೆ, ಅಡುಗೆ ಮಾಡೋಳು ಒಬ್ಬಳೇ. ಆ ರಿಸ್ಕ್ ಬಗ್ಗೆ ಮಾತ್ರ ಇವರು ಯೋಚನೆನೇ ಮಾಡಿಲ್ಲ."

ಇಂಥವರನ್ನು ರೇಗಿಸದೆ ಬಿಡುವುದು ಹೇಗೆ? ಅಂಕಲ್ ಕೆಳಗೆ ವಾಕಿಂಗ್‌ಗೆ ಹೊರಟಾಗ, "ನಿಮ್ಮ ಮನೆ ಕಡೆಯಿಂದ ಏನೋ ವಾಸನೆ ಬಂದ ಹಾಗಿತ್ತು" ಎನ್ನುತ್ತಿದ್ದೆ. ಅವರು ತಿರುಗಿ ಲಿಫ್ಟ್ ಹತ್ತುತ್ತಿದ್ದರು. ಐದಾರು ಸಲ ಹೀಗೆ ಹತ್ತಿಸಿದ್ದೇನೆ. ಈಗ ಅದನ್ನು ನೆನೆದರೆ ನಗು ಬರುವ ಮೊದಲೇ ಕೈ ತಣ್ಣಗಾಗುತ್ತದೆ.

ಅದು ಒಂದು ಶನಿವಾರದ ಬೆಳಿಗ್ಗೆ. ಆಂಟಿ ತಂಗಿಯ ಮಗಳ ಮದುವೆಗೆಂದು ಮೈಸೂರಿಗೆ ಹೋಗಿ ಮೂರು ದಿನವಾಗಿತ್ತು. ನಾನು ಉಪ್ಪಿಟ್ಟಿನ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು, ಹೊರಗಿನ ಕಬ್ಬಿಣದ ಗೇಟಿಗೆ ಬೀಗ. ಬೆಲ್ ಒತ್ತಲು ಬೆರಳು ಚಾಚಿದೆ. ಆಗ ವಾಸನೆ ಬಂತು. ಕೊಳೆತ ಎಲೆಕೋಸಿನಂಥ ದಟ್ಟ ವಾಸನೆ. ಬೆರಳು ಅಲ್ಲೇ ನಿಂತಿತು. ಮರೆತೆ ಎಂದುಕೊಂಡಿದ್ದ ಪಾಠ ಬೆರಳಿಗೆ ನೆನಪಿತ್ತು.

ಗೇಟಿನ ಸಂದಿಯಿಂದ ಅಡುಗೆಮನೆ ನೇರ ಕಾಣುತ್ತಿತ್ತು. ಅಂಕಲ್ ಪಂಚೆಯುಟ್ಟು, ವಿಭೂತಿ ಹಚ್ಚಿ, ದೇವರ ಗೂಡಿನ ಮುಂದೆ ನಿಂತಿದ್ದರು. ಆಂಟಿ ಇಲ್ಲದ್ದರಿಂದ ದೀಪ ಹಚ್ಚುವ ಕೆಲಸ ಅವರಿಗೆ ಬಂದಿತ್ತು. ಎಡಗೈಯಲ್ಲಿ ಬೆಂಕಿಪೊಟ್ಟಣ, ಬಲಗೈಯಲ್ಲಿ ಕಡ್ಡಿ. ಅವರ ಕಾಲ ಬಳಿ, ಆಗಷ್ಟೇ ಬದಲಿಸಿದ ಎರಡನೇ ಸಿಲಿಂಡರ್.

"ಅಂಕಲ್, ಕಡ್ಡಿ ಗೀರಬೇಡಿ. ಗ್ಯಾಸ್ ವಾಸನೆ."

ಅವರು ತಿರುಗಿ ನೋಡಿ ನಕ್ಕರು. ಮುಖವೆತ್ತಿ, ಎಂದಿನಂತೆ, ಮೂರು ಸಲ ಗಾಳಿ ಎಳೆದರು.

"ಏನೂ ಇಲ್ಲ. ದಿನಾ ಇದೇ ತಮಾಷೆ ನಿಂದು. ಇರು, ದೀಪ ಹಚ್ಚಿ ಗೇಟ್ ತೆಗೀತೀನಿ."

ಕಡ್ಡಿ ಪೊಟ್ಟಣದ ಅಂಚಿಗೆ ತಾಗಿತು. ಅವರಿಗೂ ನನಗೂ ನಡುವೆ ಹತ್ತು ಹೆಜ್ಜೆ ಮತ್ತು ಒಂದು ಬೀಗ. ಬಾಯಿಗೆ ಬಂದದ್ದು ಇಷ್ಟೇ: "ಆಂಟಿ ಆಣೆ, ಅಂಕಲ್."

ಅವರ ಮುಖದ ನಗು ಒಂದೇ ಸಲಕ್ಕೆ ಇಳಿಯಿತು. ಆಣೆಗೆ ಹೆದರಿದರೋ, ನನ್ನ ಮುಖ ನೋಡಿ ಹೆದರಿದರೋ ತಿಳಿಯದು. ಕಡ್ಡಿಯನ್ನು ಮೆಲ್ಲಗೆ, ನಿದ್ದೆ ಮಾಡುವ ಮಗುವನ್ನು ಮಲಗಿಸುವಂತೆ, ಗೂಡಿನಲ್ಲಿಟ್ಟರು. ಆಮೇಲೆ ಮೂವತ್ತು ವರ್ಷ ಗ್ಯಾಸಿನಲ್ಲಿ ಬದುಕಿದ ಮನುಷ್ಯ ಎಚ್ಚರಾದ. ಬಗ್ಗಿ ಸಿಲಿಂಡರ್ ಮುಚ್ಚಿದರು, ಕಿಟಕಿಗಳನ್ನೆಲ್ಲ ತೆಗೆದರು, ಒಂದು ಸ್ವಿಚ್ಚೂ ಮುಟ್ಟದೆ ಗೇಟು ಬಿಚ್ಚಿ ಹೊರಬಂದರು. ಊದುಬತ್ತಿ ಹಚ್ಚಲಿದ್ದ ಪಕ್ಕದ ಮನೆಯ ಚೀನೀ ಆಂಟಿಯ ಬಾಗಿಲು ಬಡಿದು, ಬೇಡವೆಂದು ಕೈಮುಗಿದು ಕೆಳಗೆ ಕರೆತಂದರು. ರೆಗ್ಯುಲೇಟರ್ ಸರಿಯಾಗಿ ಕೂತಿರಲಿಲ್ಲ ಎಂದು ಆಮೇಲೆ ಸಿಲಿಂಡರ್ ತರುವವನು ಬಂದು ತೋರಿಸಿದ.

ವಾಯ್ಡ್ ಡೆಕ್‌ನ ಕಲ್ಲು ಮೇಜಿನ ಮುಂದೆ ಕೂತೆವು. ಅಂಕಲ್ ಉಪ್ಪಿಟ್ಟಿನ ಡಬ್ಬಿ ತೆಗೆದು, ಮೂಗಿನ ಹತ್ತಿರ ಹಿಡಿದು, ಮುಚ್ಚಿದರು. ಕೋವಿಡ್ ಜ್ವರ ಬಂದಾಗಿನಿಂದ ತಮಗೆ ಯಾವ ವಾಸನೆಯೂ ತಿಳಿಯುವುದಿಲ್ಲ ಎಂದರು. ಕಾಫಿಯದೂ ಇಲ್ಲ, ಕರ್ಪೂರದ್ದೂ ಇಲ್ಲ.

ಹಾಗಾದರೆ ಇಷ್ಟು ದಿನ ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು?

"ನಮ್ಮೋರ ಮನೇಲಿ ಇಂಗು ಯಾವತ್ತು ಕಮ್ಮಿ ಆಗಿದೆ ಹೇಳು."

ನಗು ಬಂತು, ಅದರ ಹಿಂದೆಯೇ ಅಳು ಬಂತು, ಆಮೇಲೆ ಸಿಟ್ಟು ಬಂತು. ಒಂದೇ ಪೈಪ್ ನಂಬಿದರು ಎಂದು ಯೂರೋಪನ್ನೆಲ್ಲ ಬೈದವರು ಒಂದೇ ಮೂಗನ್ನು ನಂಬಿ, ಅದೂ ಕೆಟ್ಟ ಮೂಗನ್ನು, ಕೂತಿದ್ದೀರಲ್ಲ ಎಂದು ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ಲಲಿತಾಗೆ ಹೇಳಬೇಡಮ್ಮ. ಅವಳು ನನ್ನ ಮೂಗು ನಂಬ್ಕೊಂಡು ನಿದ್ದೆ ಮಾಡ್ತಾಳೆ."

ನಾನು ಹೇಳಲಿಲ್ಲ. ಅದೇ ಸಂಜೆ ಒಂದು ಗ್ಯಾಸ್ ಅಲಾರಂ ತಂದು ಸಿಲಿಂಡರ್ ಪಕ್ಕ, ನೆಲದ ಹತ್ತಿರ ಹಾಕಿಸಿದೆ. ಅಂಕಲ್ ಅದನ್ನು ಸ್ಪೇರ್ ಮೂಗು ಎಂದು ಕರೆದರು.

ಮುಂದಿನ ವರ್ಷ ಅವರ ಹೃದಯ ನಿಂತಿತು. ಅದಕ್ಕೆ ಅವರು ಎರಡನೆಯದನ್ನು ಇಟ್ಟುಕೊಂಡಿರಲಿಲ್ಲ. ಹದಿಮೂರನೆಯ ದಿನದ ಊಟಕ್ಕೂ ಅನ್ನ ಎರಡು ಮನೆಯಿಂದಲೇ ಬಂತು. ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತ, ಇನ್ನು ಮುಚ್ಚಿಡುವುದೇಕೆಂದು, ಆಂಟಿಗೆ ಮೂಗಿನ ವಿಷಯ ಹೇಳಿಬಿಟ್ಟೆ. ಅವರು ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಮೊದಲನೇ ವಾರವೇ ಗೊತ್ತಾಯ್ತು ಕಣೇ. ಒಡೆದ ಹಾಲಿನ ಕಾಫಿ ಕುಡಿದು ಫಸ್ಟ್ ಕ್ಲಾಸ್ ಅಂದ್ರು. ಆವತ್ತಿಂದ ಅವರು ಸಿಲಿಂಡರ್ ಮುಟ್ಟಿದಾಗೆಲ್ಲ ಹಿಂದೇನೇ ಹೋಗಿ ನಾನೊಂದ್ಸಲ ನೋಡ್ತಿದ್ದೆ. ಆ ಮದುವೆಗೆ ಹೋದ ಒಂದು ವಾರ ಬಿಟ್ಟು."

ಈಗಲೂ ಶನಿವಾರ ಡಬ್ಬಿ ಹಿಡಿದು ಹೋಗುತ್ತೇನೆ. ಬೆಲ್ ಒತ್ತುವುದಿಲ್ಲ, ಗೇಟಿನ ಮುಂದೆ ನಿಂತು ಮೂರು ಸಲ ಗಾಳಿ ಎಳೆಯುತ್ತೇನೆ. ಹೋದ ವಾರ ಆಂಟಿ ಒಳಗಿನಿಂದ ಇದನ್ನು ನೋಡುತ್ತ ನಿಂತಿದ್ದರು. ಏನು ಬಂತು ಎಂದು ಕೇಳಿದರು.

"ಇಂಗು ಸ್ವಲ್ಪ ಜಾಸ್ತಿ, ಆಂಟಿ."

"ಇವತ್ತು ಒಲೆನೇ ಹಚ್ಚಿಲ್ಲ," ಎಂದು ಅವರು ಗೇಟು ತೆಗೆದರು. "ಒಳಗೆ ಬರಬಹುದು."