ಕೆಂಪೆಲೆಯ ಜೋಳವನ್ನು ಕೀಳಿಸಿದವರಿಗೆ

ರೋಗವನ್ನು ತಡೆದ ಜೋಳವನ್ನು ಕೀಳಿಸಿ, ರೋಗ ಹೊತ್ತ ಜೋಳಕ್ಕೆ ಶಿಫಾರಸು ಬರೆದವರು ನಮ್ಮ ವಿಭಾಗದ ಮುಖ್ಯಸ್ಥರು ಮತ್ತು ಅವರು ಕರೆಸಿದ ಪರಿಶೀಲನಾ ಸಮಿತಿಯವರು. ಚೆನ್ನೈನ ಗಿಂಡಿಯಲ್ಲಿರುವ ನಮ್ಮ ಬಲೆಮನೆಯಲ್ಲಿ, ಅಂದರೆ ಬಲೆ ಹೊದಿಸಿದ ಸಸಿಮನೆಯಲ್ಲಿ, ಎರಡೂ ತಳಿಗಳ ಮೊಳಕೆಗಳಿಗೆ ಕಾಡಿಗೆ ರೋಗದ ಶಿಲೀಂಧ್ರವನ್ನು ಚುಚ್ಚಿದ ಸಂಶೋಧನಾ ವಿದ್ಯಾರ್ಥಿನಿ ನಾನು. ಆದ್ದರಿಂದ ಹೇಳುವ ಹಕ್ಕು ನನಗಿದೆ.

ಈ ಶಿಲೀಂಧ್ರ ಬಹಳ ಸಭ್ಯ. ಗಿಡದೊಳಗೆ ಸದ್ದಿಲ್ಲದೆ ಬೆಳೆದು, ತೆನೆ ಹೊರಡುವವರೆಗೂ ಎಲೆಗಳನ್ನು ಹಸಿರಾಗಿಯೇ ಬಿಡುತ್ತದೆ; ಆಮೇಲೆ ಕಾಳಿರಬೇಕಾದಲ್ಲಿ ಕಪ್ಪು ಪುಡಿ ತುಂಬುತ್ತದೆ. ಅದನ್ನು ಗುರುತಿಸಬಲ್ಲ ಜೋಳ ಮಾತ್ರ ಸೋಂಕಿದ ಕಡೆ ಕೆಂಪು ರಸಾಯನ ತುಂಬಿ ದಾರಿ ಕಟ್ಟುತ್ತದೆ. ನಮ್ಮ ಒಂದು ತಳಿಯ ಎಲೆಗಳ ಮೇಲೆ ಹಾಗೆ ಕೆಂಪು ಮಚ್ಚೆಗಳೆದ್ದವು.

ಮರುದಿನ ಸಮಿತಿ ಬರುವುದಿತ್ತು. ಮೈಸೂರಿನಿಂದ ಚೆನ್ನೈಗೆ ಬಂದು ವರ್ಷವಾಗದ ಮುಖ್ಯಸ್ಥರು ಮೂಗು ಮುರಿದರು.

"ಏನ್ರೀ, ಗಿಡಕ್ಕೆ ದಡಾರ ಎದ್ದಿದ್ಯಾ? ಕೀಳ್ಸಿ. ಬರೋರು ಹಸಿರು ನೋಡ್ಬೇಕು."

ನಾನು ವಿವರಿಸಿದೆ. ವಿವರಣೆಯೆಲ್ಲ ಪ್ರಬಂಧದಲ್ಲಿರಲಿ ಎಂದು ನಕ್ಕರು. ಕ್ರೋಂಪೇಟೆಯಲ್ಲಿ ಹುಟ್ಟಿ ಬೆಳೆದ, ತಮಿಳು ಬೆರೆಸಿ ಕನ್ನಡವಾಡುವ ಕೆಲಸಗಾರ್ತಿ ಒಂದೊಂದೇ ಗಿಡ ಕೀಳುತ್ತ ಗೊಣಗಿದಳು: "ಈ ಸೆಡಿ, ಈ ಗಿಡ, ಸುಮ್ನೆ ಇಲ್ಲಮ್ಮಾ, ಜಗಳ ಆಡ್ತಾ ಇದೆ. ಅದನ್ನೇ ತಳ್ಳಿಬಿಡು ಅಂತಾರೆ, ದೊಡ್ಡ ಓದು ಓದಿದವ್ರು."

ಸಮಿತಿಯವರು ಹಸಿರಿನೆದುರು ಫೋಟೊ ತೆಗೆಸಿಕೊಂಡರು, ಕಾಫಿ ಕುಡಿದರು, ಮುಖ್ಯಸ್ಥರ ಮಾತು ನಂಬಿ ಕೆಂಪೆಲೆಯ ತಳಿ ತ್ಯಾಜ್ಯ, ಹಸಿರೆಲೆಯದು ಯೋಗ್ಯ ಎಂದು ಸಹಿ ಹಾಕಿದರು. ತೆನೆ ಬರುವವರೆಗೆ ಕಾಯುವ ಪುರಸೊತ್ತು ಅಂಥ ವಿದ್ವಾಂಸರಿಗೆಲ್ಲಿ?

ಹಸಿರೆಲೆಯ ತಳಿಗೆ ತೆನೆ ಬಂತು. ಮುಟ್ಟಿದರೆ ಬೆರಳೆಲ್ಲ ಕಪ್ಪು. ಒಂದನ್ನು ಕೊಯ್ದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಮೊದಲು ಮೇಜು ಒರೆಸಿದರು. ನಂತರ, ವರದಿ ಹೋಗಿಯಾಗಿದೆ, ಈಗ ತಿದ್ದಿದರೆ ವಿಭಾಗದ ಮರ್ಯಾದೆ ಏನಾಗಬೇಕು ಎಂದರು. ಜೋಳದ ಮರ್ಯಾದೆಯನ್ನು ಯಾರೂ ಕೇಳಲಿಲ್ಲ.

ಕೆಂಪೆಲೆಯ ತಳಿಯ ಬೀಜ ಈಗ ಉಳಿದಿರುವುದು ಶೀತಕೋಣೆಯ ಒಂದೇ ಒಂದು ಲಕೋಟೆಯಲ್ಲಿ. ತ್ಯಾಜ್ಯವೆಂದು ಬರೆದ ಮೇಲೆ, ನಿಯಮದಂತೆ, ಈ ತಿಂಗಳ ಕೊನೆಗೆ ಅದನ್ನೂ ಸುಡುತ್ತಾರೆ.

ಆದಕಾರಣ ಮುಖ್ಯಸ್ಥರಲ್ಲಿಯೂ ಸಮಿತಿಯ ಸದಸ್ಯರಲ್ಲಿಯೂ ನನ್ನ ವಿಧ್ಯುಕ್ತ ಕೋರಿಕೆ ಇದು: ಆ ಲಕೋಟೆಯನ್ನು ಸುಡುವ ಆದೇಶವನ್ನು ಕೂಡಲೇ ತಡೆಹಿಡಿಯಿರಿ. ವರದಿಯನ್ನು ಹಿಂಪಡೆದು, ಎರಡೂ ತಳಿಗಳನ್ನು ಮತ್ತೆ ಬಿತ್ತಿಸಿ, ಈ ಬಾರಿಯಾದರೂ ಕಾಳು ಕಟ್ಟುವವರೆಗೆ ಕಾಯಿರಿ. ತೆನೆಯನ್ನೇ ನೋಡದೆ ಸಹಿ ಹಾಕಿದ್ದು ಏಕೆಂಬುದಕ್ಕೆ ತಿಂಗಳು ಮುಗಿಯುವ ಮೊದಲು ಲಿಖಿತ ಉತ್ತರ ಕೊಡಿ.