ಇಲಿಯಮ್ಮ ಕೆಳಗಿಟ್ಟ ಕಾಳು

ಇಲಿಯಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಆಡಿಕೊಳ್ಳುವವರು ಅವಳ ಬೆರಳುಗಳನ್ನು ನೋಡಿದವರಲ್ಲ. ಮೈಯೇ ತನ್ನ ಕೀಲುಗಳ ಮೇಲೆ ಕತ್ತಿ ಮಸೆಯುವ ಸಂಧಿವಾತ. ಗೆಣ್ಣುಗಳು ಊದಿ, ಬೆಳಗ್ಗೆ ಮುಷ್ಟಿ ಕಟ್ಟಲೂ ಆಗುತ್ತಿರಲಿಲ್ಲ. ಅಂಥ ಕೈಯಲ್ಲೇ ಔಷಧಿ ಕಂಡುಹಿಡಿಯುವ ಪ್ರಯೋಗಾಲಯದಲ್ಲಿ ಇಲಿಗಳ ಪಂಜರ ತೊಳೆದು, ಮರದ ಹೊಟ್ಟು ಹಾಸಿ, ಕಾಳು ಹಾಕುತ್ತಿದ್ದಳು; ಆ ಹೆಸರು ಬಂದದ್ದೂ ಅದರಿಂದಲೇ. ತನ್ನದು ಹಾಳಾಗಿ ಹೋಗಲಿ, ಈಗ ಮಗಳಿಗೂ ಅದೇ ಶುರುವಾಗಿತ್ತು. ಡಾಕ್ಟರ್ ಕೊಟ್ಟ ಮಾತ್ರೆ ಅವಳಿಗೆ ಅರ್ಧಂಬರ್ಧ ನಾಟುತ್ತಿತ್ತು.

ಅಲ್ಲಿ ಆಗ ಒಂದು ಬಳ್ಳಿಯ ಬೇರಿನಿಂದ ತೆಗೆದ ಸಾರದ ಪರೀಕ್ಷೆ ನಡೆದಿತ್ತು. ಇಲಿಗಳಿಗೆ ಇದೇ ರೋಗ ಬರಿಸಿ, ಅರ್ಧಕ್ಕೆ ಬೇರಿನ ಸಾರ, ಇನ್ನರ್ಧಕ್ಕೆ ಬರೀ ನೀರು. ಎರಡೂ ಗುಂಪಿನ ಪಾದದ ಊತ, ತೂಕ ಹೋಲಿಸಿದರೆ ಬೇರಿನ ಗುಣ ಗೊತ್ತಾಗಬೇಕು. ಮಗಳು ಗುಣವಾಗುವ ಆಸೆಯನ್ನೆಲ್ಲ ಇಲಿಯಮ್ಮ ಆ ಬೇರಿಗೇ ಕಟ್ಟಿದ್ದಳು.

ಕಾಳಿನ ಬುಟ್ಟಿ ಇದ್ದದ್ದು ಪಂಜರದ ಮೇಲ್ಗಡೆ. ನೀರಿನ ಗುಂಪಿನ ಇಲಿಗಳು ಊದಿದ ಕಾಲಲ್ಲಿ ಎದ್ದು ನಿಲ್ಲಲಾರದೆ ಮೇಲೆ ನೋಡುತ್ತ ಕೂರುತ್ತಿದ್ದವು. ಕಂಡೂ ಕಂಡೂ ಸುಮ್ಮನಿರಲು ಅವಳ ಕರುಳೇನು ಕಲ್ಲೇ? ಅವುಗಳಿಗೆ ಮಾತ್ರ ಕಾಳು ನೆನೆಸಿ ಕೆಳಗಿಟ್ಟಳು, ಹೊಟ್ಟು ದಪ್ಪಗೆ ಹಾಸಿದಳು. ಅವು ತಿಂದು ಚೇತರಿಸಿಕೊಂಡವು, ಊತವೂ ತಗ್ಗಿತು. ಕೊನೆಗೆ ಅಳೆದು ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ.

ಪ್ರಯೋಗಾಲಯದ ಮೇಡಂ ಪಂಜರದೊಳಗೆ ಕೈಯಾಡಿಸಿ, ನೆನೆದ ಕಾಳು ಹೊರಗೆ ತೆಗೆದರು.

"ಇದನ್ನ ಯಾರು ಇಟ್ಟಿದ್ದು?"

"ನಾನೇ. ಹಸ್ಕೊಂಡಿದ್ವು."

"ಇಟ್ರೆ ಎಲ್ಲಕ್ಕೂ ಇಡಬೇಕಿತ್ತು. ಈಗ ಬೇರಿಂದ ಗುಣ ಆಯ್ತಾ ಇಲ್ವಾ ಅಂತ ಹೇಳೋಕೇ ಆಗಲ್ಲ. ಇಷ್ಟು ತಿಂಗಳ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ. ಇನ್ನು ಮತ್ತೆ ಮೊದಲಿಂದ ಮಾಡಬೇಕು."

"ಕಾಲೂದಿದ ಪ್ರಾಣಿಗೆ ಅಟ್ಟದ ಮೇಲೆ ಊಟ ಇಡೋರಿಗೆ ನಾಚಿಕೆ ಆಗಬೇಕು ಮೇಡಂ."

"ಒಂದು ಮಾತು ಹೇಳಿದ್ರೆ ಎಲ್ಲಕ್ಕೂ ಕೆಳಗೇ ಇಡಿಸ್ತಿದ್ದೆ. ನೀವು ಹೇಳಿದ್ರಾ?"

ಸರಿಯಾದ ಮಾತು ಕೇಳಿದರೆ ಸಿಟ್ಟು ಇಳಿಯುತ್ತದೆ ಎನ್ನುವುದು ಸುಳ್ಳು, ಇನ್ನಷ್ಟು ಏರುತ್ತದೆ. ಮೇಡಂಗೂ, ಬೇರಿಗೂ, ತನಗೂ ದಾರಿಯುದ್ದಕ್ಕೂ ಶಾಪ ಹಾಕುತ್ತ ಮನೆಗೆ ಬಂದಳು.

"ಆ ಬೇರಿನ ಔಷಧಿ ಏನಾಯ್ತಮ್ಮ?" ಎಂದು ಮಗಳು ಕೇಳಿದಳು.

"ಸದ್ಯಕ್ಕಿಲ್ಲ. ನಾನೇ ಅದಕ್ಕೆ ಕಲ್ಲು ಹಾಕಿ ಬಂದೆ. ಈಗಿರೋ ಮಾತ್ರೆ ತಗೋ."

ಮಗಳು ಡಬ್ಬಿಯ ಮುಚ್ಚಳ ತಿರುವಿದಳು, ಬೆರಳಿಗೆ ಹಿಡಿತ ಸಿಗಲಿಲ್ಲ. ತಾಯಿ ಕಿತ್ತುಕೊಂಡು ತಿರುವಿದಳು, ಅವಳ ಕೈಯಲ್ಲೂ ಆಗಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿ, ಮುಚ್ಚಳವನ್ನು ಗೋಡೆಗೆ ಉಗಿದಳು.

"ನುಂಗು" ಎಂದಳು.