ಅಂಗೈ ತೋರಿಸಿದರೂ ನಂಬದ ಪಟ್ಟಿ ಅಕ್ಕ

ಪಟ್ಟಿ ಅಕ್ಕನಿಗೆ ಸ್ವಂತ ಕೋಣೆ ಇಲ್ಲ. ಕ್ರೀಡಾಂಗಣದ ಗ್ಯಾಲರಿ ಮೆಟ್ಟಿಲ ಕೆಳಗೆ, ಹರ್ಡಲ್ಸ್ ಪೇರಿಸಿಟ್ಟ ಮೂಲೆಯಲ್ಲಿ ಒಂದು ಬೆಂಚು, ಒಂದು ಐಸ್ ಡಬ್ಬಿ, ಗೋಡೆಯ ಮೇಲೆ ಚರ್ಮ ಸುಲಿದ ಮನುಷ್ಯನ ಚಿತ್ರಪಟ. ಬೆಳಕು ಹರಿಯುವ ಮೊದಲೇ ಅವರು ಅಲ್ಲಿ ಕೂತು ಓಟಗಾರರ ಕಾಲಿಗೆ ಪಟ್ಟಿ ಸುತ್ತುತ್ತಿರುತ್ತಾರೆ. ಹೆಸರು ಬಂದದ್ದೇ ಅದರಿಂದ.

ಒಂದು ಕಾಲದಲ್ಲಿ ಅವರೂ ಓಡಿದವರೇ. ತೊಡೆಯ ಹಿಂಭಾಗದ ಸ್ನಾಯು ಹರಿದಾಗ, ಬರೀ ಸೆಳೆತವೆಂದು ಗೆಳತಿಯರು ಕಾಲು ಹಿಡಿದು ಜಗ್ಗಿದರು. ಚೂರು ಹರಿದದ್ದು ಪೂರ್ತಿ ಹರಿಯಿತು. ಆಮೇಲೆ ಕ್ರೀಡಾಂಗಣದ ಡಾಕ್ಟರ ಜೊತೆ ನಿಂತು, ಯಾವ ಸ್ನಾಯು ಯಾವ ಮೂಳೆಗೆ ಅಂಟಿದೆ ಎಂದು ಆ ಚಿತ್ರಪಟದ ಮೇಲೇ ಕಲಿತರು. ಕಾಲು ಉಳುಕಿದ ಕೂಡಲೇ ಬಿಸಿ ಮುಲಾಮು ತಿಕ್ಕಿಕೊಂಡು ಬಂದವರಿಗೆ ಇವತ್ತಿಗೂ ಮೊದಲು ಬೈಗುಳ, ಆಮೇಲೆ ಐಸು.

ಮೊಣಕಾಲ ಕೆಳಗಿನ ನೋವಿಗೆ ಅವರದೊಂದು ಪರೀಕ್ಷೆಯಿದೆ. ಎಲ್ಲಿ ನೋವು ಎಂದು ಕೇಳಿದಾಗ ಅಂಗೈಯಿಂದ ಉದ್ದಕ್ಕೂ ಸವರಿದರೆ ಹೆಚ್ಚಾಗಿ ಬಾವು, ಐಸು, ವಿಶ್ರಾಂತಿ. ಬೆರಳು ಒಂದೇ ಜಾಗಕ್ಕೆ ಹೋದರೆ ಮೂಳೆ ಬಿರುಕಿನ ಅನುಮಾನ; ಓಟ ಬಂದ್, ನೇರ ಡಾಕ್ಟರ ಬಳಿಗೆ. ಇದು ಮೈದಾನಕ್ಕೆಲ್ಲ ಗೊತ್ತು. ತೊಂದರೆ ಇರುವುದೇ ಅಲ್ಲಿ.

ಈ ಸಲದ ರಿಲೇ ಫೈನಲ್ ದಿನ ಬೆಳಿಗ್ಗೆ ತಂಡದ ಕೊನೆಯ ಓಟಗಾರ್ತಿ ಬಂದು, ಕೇಳುವ ಮೊದಲೇ ಅಂಗೈ ಸವರಿ ತೋರಿಸುತ್ತಾಳೆ. ಅಕ್ಕ ಮೂಳೆಯ ಅಂಚಿನಲ್ಲಿ ಹೆಬ್ಬೆರಳು ಇಳಿಸುತ್ತ ಬರುತ್ತಾರೆ. ಒಂದು ಜಾಗ ಒತ್ತಿದಾಗ, ಅಲ್ಲಿಯವರೆಗೆ ಹರಟುತ್ತಿದ್ದ ಹುಡುಗಿಯ ಮಾತು ಗಕ್ಕನೆ ನಿಲ್ಲುತ್ತದೆ.

"ಅಕ್ಕಾ, ಇದೊಂದು ಓಟ ಓಡೋಕೆ ಬಿಟ್ಬಿಡಿ. ನಾಳೆಯಿಂದ ನೀವು ಹೇಳಿದ ಹಾಗೆ ಕೇಳ್ತೀನಿ."

"ಕೇಳೋಕೆ ನಾಳೆ ಕಾಲು ಉಳೀಬೇಕಲ್ಲಮ್ಮ. ನನಗೇನೋ ಅಂಗೈ ತೋರಿಸಿದೆ. ಮೂಳೆಗೆ ಏನು ತೋರಿಸ್ತೀಯ?"

ಬದಲಿ ಓಟಗಾರ್ತಿ ಇಲ್ಲ. ತರಬೇತುದಾರರು ರೇಗುತ್ತಾರೆ, ಒಂದು ಹೆಬ್ಬೆರಳನ್ನು ನಂಬಿ ಫೈನಲ್ ಬಿಡಬೇಕೆ ಎನ್ನುತ್ತಾರೆ.

"ನನ್ನ ನಂಬಬೇಡಿ ಸಾರ್, ಡಾಕ್ಟರನ್ನ ಕೇಳಿ. ಅಲ್ಲಿವರೆಗೆ ನಾನು ಪಟ್ಟಿ ಸುತ್ತಲ್ಲ."

ತಂಡ ಓಡುವುದಿಲ್ಲ. ಸ್ಕ್ಯಾನಿನಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಇನ್ನೊಂದು ಓಟಕ್ಕೆ ಮೂಳೆ ಮುರಿಯಬಹುದಿತ್ತು ಎಂದು ಡಾಕ್ಟರು ತರಬೇತುದಾರರಿಗೇ ಹೇಳುತ್ತಾರೆ.

ಹುಡುಗಿ ಈಗ ಮತ್ತೆ ಮೆಲ್ಲಗೆ ಓಡುತ್ತಿದ್ದಾಳೆ. ಖುಷಿಯಾಯಿತೇ ಎಂದರೆ ಪಟ್ಟಿ ಅಕ್ಕ ಅವಳ ಸವೆದ ಶೂ ಕಡೆ ಕೈ ಮಾಡಿ, ಮೊದಲು ಅದನ್ನು ಬದಲಿಸಲು ಹೇಳಿ ಎನ್ನುತ್ತಾರೆ. ಆದರೆ ಹುಡುಗಿ ತಿರುವು ದಾಟುವವರೆಗೂ ಅವಳ ಮೇಲಿಂದ ಕಣ್ಣು ಕೀಳುವುದಿಲ್ಲ.

ಈ ವರ್ಷ ತಂಡ ಕಳೆದುಕೊಂಡದ್ದು ಒಂದು ಫೈನಲ್. ಕಾಲನ್ನು ಮಾತ್ರ ಒಂದನ್ನೂ ಕಳೆದುಕೊಂಡಿಲ್ಲ.